ಕರಸ್ಥಲದಲ್ಲಿ ಇರುವುದೇನು?

ವೀರಶೈವ ಗೃಹಸ್ಥನಿಗೆ ಕರಸ್ಥಲವೇ ಪೂಜಾಪೀಠ. ಗುರುವು ಅನುಗ್ರಹಿಸಿದ ಇಷ್ಟಲಿಂಗವನ್ನು ಎಡದ ಅಂಗೈಯಲ್ಲಿರಿಸಿಕೊಂಡು ದೃಷ್ಟಿಯನ್ನು ಅದರಲ್ಲಿಯೇ ನಿಲ್ಲಿಸುವುದು ಶಿವಯೋಗದ ಅಭ್ಯಾಸ. ಇಂದು ಅದೇ ಅಂಗೈಯಲ್ಲಿ ಅದೇ ದೃಷ್ಟಿಯನ್ನು ಸೆಳೆದುಕೊಂಡು ಕುಳಿತಿರುವ ಮತ್ತೊಂದು ವಸ್ತುವುಂಟು. ಅದು ಮೊಬೈಲ್ ಫೋನು. ಪೂಜೆಗೆ ಕಾಲುಗಂಟೆ ದೊರೆಯದ ಮನೆಯಲ್ಲಿಯೂ ಅದಕ್ಕೆ ಒಂದು ಜಾವ ದೊರೆಯುತ್ತದೆ.

ಹಾಗೆಂದು ಅದನ್ನು ಹಳಿದು ಬಿಸಾಡುವುದು ವಿವೇಕವಲ್ಲ. ಶಿಗ್ಗಾವಿ ತಾಲ್ಲೂಕಿನ ದುಂಡಸಿಯಂತಹ ಊರಿನಲ್ಲಿ ರೈತನು ಬ್ಯಾಡಗಿ ಪೇಟೆಯ ಧಾರಣೆಯನ್ನು ಅದರಿಂದ ತಿಳಿಯಬಲ್ಲನು. ದೂರದಲ್ಲಿ ದುಡಿಯುವ ಮಗನ ಧ್ವನಿಯನ್ನು ತಾಯಿ ಕೇಳಬಲ್ಲಳು. ನಡುರಾತ್ರಿ ಹೆರಿಗೆಯ ನೋವು ಬಂದರೆ ೧೦೮ರ ವಾಹನವನ್ನು ಕರೆಯಬಹುದು. ಕಾಯಕಕ್ಕೂ ದಾಸೋಹಕ್ಕೂ ಒದಗುವವರೆಗೆ ಅದು ಉಪಕರಣವೇ ಸರಿ. ಕೆಲಸ ತೀರಿದ ಮೇಲೂ ಕೈಬಿಡದಿದ್ದರೆ, ಯಾರು ಯಾರಿಗೆ ಉಪಕರಣ?

ಇದನ್ನು ಅಳೆಯುವ ಕೋಲು ಶರಣರ ಅರ್ಪಿತ ತತ್ತ್ವದಲ್ಲಿಯೇ ಉಂಟು. ಲಿಂಗಕ್ಕೆ ಅರ್ಪಿಸಿದ್ದನ್ನೇ ಪ್ರಸಾದವೆಂದು ಸ್ವೀಕರಿಸಬೇಕೆಂಬುದು ಅದರ ಸಾರ. ಅರ್ಪಿತವೆಂದರೆ ಎಡೆಯ ಅನ್ನವೊಂದೇ ಅಲ್ಲ. ಕಣ್ಣು ಕಂಡ ರೂಪವು ಶಿವಲಿಂಗಕ್ಕೆ, ಕಿವಿ ಕೇಳಿದ ಶಬ್ದವು ಪ್ರಸಾದಲಿಂಗಕ್ಕೆ, ಹೃದಯದ ತೃಪ್ತಿಯು ಮಹಾಲಿಂಗಕ್ಕೆ ಸಲ್ಲಬೇಕೆಂದು ಷಟ್‌ಸ್ಥಲ ಶಾಸ್ತ್ರವು ವಿಧಿಸುತ್ತದೆ. ಫೋನು ರೂಪವನ್ನೂ ಶಬ್ದವನ್ನೂ ಧಾರಾಳವಾಗಿ ಕೊಡುತ್ತದೆ; ತೃಪ್ತಿಯನ್ನು ಮಾತ್ರ ಕೊಡಲಾರದು. ಒಂದು ಚಿತ್ರ ಮುಗಿಯುವ ಮೊದಲೇ ಮತ್ತೊಂದನ್ನು ತಂದೊಡ್ಡುವುದೇ ಅದರ ರೀತಿ. ಲಿಂಗದ ಮುಂದಿರಿಸಲು ನಾಚಿಕೆಪಡಬೇಕಾದ ನೋಟವು ಅನರ್ಪಿತ. ಅದನ್ನು ಭಕ್ತನು ಕೊಳ್ಳಲಾಗದು.

ಕೆಡುವುದು ನೋಡುವವನ ಮನಸ್ಸೊಂದೇ ಅಲ್ಲ. ಶಾಲೆಯಿಂದ ಬಂದ ಮಗು ಏನನ್ನೋ ಕೇಳುತ್ತದೆ. ತಂದೆ ತಲೆಯೆತ್ತದೆ ‘ಹೂಂ’ ಎನ್ನುತ್ತಾನೆ. ಎರಡು ಬಾರಿ ಕೇಳಿದ ಮಗು ಮೂರನೆಯ ಬಾರಿ ಕೇಳುವುದಿಲ್ಲ. ತನಗೂ ಒಂದು ಫೋನು ಬೇಕೆನ್ನುತ್ತದೆ.

ಈ ನಷ್ಟವನ್ನು ಅರಿತ ಊರುಗಳುಂಟು. ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾವ್ ಗ್ರಾಮದವರು ೨೦೨೨ರಲ್ಲಿ ಸಂಜೆ ೭ಕ್ಕೆ ಸೈರನ್ ಮೊಳಗಿಸಿ, ೮.೩೦ರವರೆಗೆ ಟಿ.ವಿ., ಮೊಬೈಲುಗಳನ್ನು ಆರಿಸುವ ನಿಯಮವನ್ನು ಕೈಕೊಂಡರು. ನಮ್ಮ ನಾಡಿನಲ್ಲಿ ಬೆಳಗಾವಿ ತಾಲ್ಲೂಕಿನ ಹಲಗಾ ಗ್ರಾಮವು ೨೦೨೪ರ ಡಿಸೆಂಬರಿನಲ್ಲಿ ೭ರಿಂದ ೯ರವರೆಗೆ ಇಂಥದೇ ವ್ರತವನ್ನು ಆರಂಭಿಸಿತು. ಮಕ್ಕಳ ಓದು, ಮನೆಮಂದಿಯ ಮಾತುಕತೆ ಇವೇ ಅದರ ಉದ್ದೇಶ. ಒಬ್ಬನಿಗೆ ಕಷ್ಟವಾದುದು ಊರು ಕೂಡಿದರೆ ಹಗುರಾಗುತ್ತದೆ.

ಸದ್ಭಕ್ತನು ಸೈರನ್ನಿಗಾಗಿ ಕಾಯಬೇಕಾಗಿಲ್ಲ. ದೀಪ ಹಚ್ಚುವ ಹೊತ್ತಿಗೆ ಫೋನನ್ನು ಗೋಡೆಯ ಮಾಡದಲ್ಲಿ ಇಡಲಿ. ಕರೆ ಬಂದರೆ ಎದ್ದು ಹೋಗಿ ಮಾತಾಡಿ, ಅಲ್ಲಿಯೇ ಇಟ್ಟು ಬರಲಿ. ಪೂಜೆ, ಮಕ್ಕಳ ಪಾಠ, ಒಂದು ವಚನದ ಓದು, ಎಲ್ಲರೊಡನೆ ಪ್ರಸಾದ ಇವು ಮುಗಿಯುವವರೆಗೆ ಅದರ ಹಂಗು ಬೇಡ. ಈ ನೇಮವನ್ನು ಹಿರಿಯರೇ ಮೊದಲು ಹಿಡಿಯಬೇಕು. ತಂದೆಯು ತನ್ನ ಕೈಯಲ್ಲಿ ಹಿಡಿದಿರುವುದನ್ನು ಮಗನ ಕೈಯಿಂದ ಬಿಡಿಸಲಾರನು. ಅಂಗೈ ತೆರವಾದರೆ ಲಿಂಗಕ್ಕೆ ಎಡೆಯುಂಟು. ಕಣ್ಣು ತೆರವಾದರೆ ಮಗುವಿನ ಮುಖ ಕಾಣುವುದು.