ಅಗ್ಗದ ಫೆರಾರಿ ಮತ್ತು ಅಪರಿಗ್ರಹ

ಹತ್ತು-ಹದಿನೈದು ವರ್ಷ ಹಳೆಯದಾದ ಫೆರಾರಿಯೋ ಲ್ಯಾಂಬೋರ್ಗಿನಿಯೋ ಹೊಸದರ ಬೆಲೆಗಿಂತ ಎಷ್ಟೋ ಕಡಿಮೆಗೆ ಸಿಗುತ್ತದೆಂದರೆ ಅನುಕೂಲಸ್ಥರ ಮನಸ್ಸು ಒಮ್ಮೆ ಅತ್ತ ಹೊರಳುವುದು ಸಹಜ. ರೋಬಸ್ಟಾ ಕಾಫಿಯ ಬೆಲೆ 2024ರಲ್ಲಿ ದಾಖಲೆ ಮುರಿದ ಮೇಲೆ ಕೊಡಗಿನ ತೋಟದ ಮನೆಗಳಲ್ಲೂ ಈ ಆಸೆ ತೀರಾ ಅಸಂಭವವಲ್ಲ. ಈ ಆಸೆಯ ಬುಡದಲ್ಲಿ ಹಳೆಯದೊಂದು ತತ್ತ್ವದ ಪ್ರಶ್ನೆ ಕೂತಿದೆ: ದುಡ್ಡು ಕೊಟ್ಟ ಮಾತ್ರಕ್ಕೆ ವಸ್ತು ನಮ್ಮದಾಗುತ್ತದೆಯೇ? ಪತಂಜಲಿಯ ಯೋಗಸೂತ್ರಕ್ಕೆ ಬರೆದ ಭಾಷ್ಯದಲ್ಲಿ ವ್ಯಾಸರು ಅಪರಿಗ್ರಹವನ್ನು, ಅಂದರೆ ವಸ್ತುಗಳನ್ನು ತನ್ನದಾಗಿಸಿಕೊಳ್ಳದಿರುವುದನ್ನು, ವಿವರಿಸುತ್ತ ಭೋಗವಸ್ತುಗಳಲ್ಲಿ ಐದು ದೋಷಗಳನ್ನು ತೋರಿಸುತ್ತಾರೆ. ಗಳಿಸುವ ಪಾಡು, ಕಾಯುವ ಪಾಡು, ನಾಶ, ಅಂಟು, ಹಿಂಸೆ. ಮಾರುವವನು ಹೇಳುವ ಬೆಲೆಯಲ್ಲಿ ಇವುಗಳ ಪೈಕಿ ಮೊದಲನೆಯದು ಮಾತ್ರ ಸೇರಿರುತ್ತದೆ. ಹಳೆಯ ಸ್ಪೋರ್ಟ್ಸ್ ಕಾರಿನಲ್ಲಂತೂ ಗಳಿಸುವ ಪಾಡು ಸಾಮಾನ್ಯವಾಗಿ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ, ಕಾಯುವ ಪಾಡು ಏರುತ್ತದೆ. ಹಾಗಾಗಿ ಒಡೆತನವನ್ನು ಕೊಳ್ಳುವ ಶಕ್ತಿಯಿಂದ ಅಳೆಯುವುದೇ ತಪ್ಪು, ಕಾಯುವ ಶಕ್ತಿಯಿಂದ ಅಳೆಯಬೇಕು ಎಂಬುದು ನನ್ನ ವಾದ.

1990ರ ದಶಕದ ಫೆರಾರಿ ಎಫ್355 ಕಾರನ್ನೇ ನೋಡಿ. ಅದರ ಟೈಮಿಂಗ್ ಬೆಲ್ಟ್ ಬದಲಿಸಬೇಕಾದರೆ ಇಡೀ ಇಂಜಿನ್ನನ್ನೇ ಕೆಳಗಿಳಿಸಬೇಕು. ಬೆಲ್ಟಿಗೆ ಕಾರು ಎಷ್ಟು ಓಡಿತೆಂಬುದು ಒಂದೇ ಲೆಕ್ಕವಲ್ಲ. ಶೆಡ್ಡಿನಲ್ಲಿ ಸುಮ್ಮನೆ ನಿಂತರೂ ಅದಕ್ಕೆ ವಯಸ್ಸಾಗುತ್ತದೆ, ಟಯರಿಗೂ ಹಾಗೆಯೇ. ಕಾರಿನ ಬೆಲೆ ಇಳಿಯಿತೆಂದು ಬಿಡಿಭಾಗದ ಬೆಲೆ ಇಳಿಯುವುದಿಲ್ಲ, ಮೆಕ್ಯಾನಿಕ್ಕಿನ ಕೂಲಿಯೂ ಇಳಿಯುವುದಿಲ್ಲ. ಸರ್ಕಾರದ ಪಾಲು ಬೇರೆ. ಹೊರರಾಜ್ಯದಲ್ಲಿ ನೋಂದಾಯಿಸಿದ ಕಾರನ್ನು ತಂದು ಕರ್ನಾಟಕದಲ್ಲೇ ಇಟ್ಟುಕೊಂಡರೆ ಇಲ್ಲಿನ ತೆರಿಗೆ ಕಟ್ಟಲೇಬೇಕು. 2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ತೆರಿಗೆ ಕಟ್ಟದ 30 ಐಷಾರಾಮಿ ಕಾರುಗಳನ್ನು ಹಿಡಿದು ನಿಲ್ಲಿಸಿತು. ಅದೇ ವರ್ಷದ ಜುಲೈನಲ್ಲಿ ಮಹಾರಾಷ್ಟ್ರದ ನಂಬರಿನ ಒಂದು ಫೆರಾರಿಯಿಂದ ದಂಡ ಸೇರಿ 1.41 ಕೋಟಿ ರೂಪಾಯಿಗೂ ಹೆಚ್ಚು ವಸೂಲಾಯಿತು. ಇನ್ನು ಅಂಥ ಕಾರನ್ನು ಮಡಿಕೇರಿ ಮಗ್ಗುಲಿನ ಗಾಳಿಬೀಡಿಗೆ ತಂದರೆ? ಹೆಸರಿಗೆ ತಕ್ಕ ಗಾಳಿಯ ಊರು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದ ಮಳೆ. ನೆಲದಿಂದ ನಾಲ್ಕೈದು ಅಂಗುಲ ಮೇಲಿರುವ ಕಾರಿನ ಹೊಟ್ಟೆಗೆ ಪ್ರತಿ ಹಂಪೂ ಒಂದು ಪರೀಕ್ಷೆ. ನಿಲ್ಲಿಸಿಟ್ಟರೆ ಬ್ಯಾಟರಿ ಇಳಿಯುತ್ತದೆ, ಚರ್ಮದ ಸೀಟಿಗೆ ಬೂಷ್ಟು ಹಿಡಿಯುತ್ತದೆ, ಇಲಿಗೆ ವಯರು ಸಿಗುತ್ತದೆ. 2018ರ ಆಗಸ್ಟ್‌ನಲ್ಲಿ ಗಾಳಿಬೀಡು, ಕಾಲೂರು, ಮಕ್ಕಂದೂರು ಸುತ್ತ ಗುಡ್ಡವೇ ಜಾರಿ ಮನೆ-ತೋಟ ಕೊಚ್ಚಿಹೋದದ್ದನ್ನು ಕಂಡ ಸೀಮೆಗೆ ವ್ಯಾಸರು ಹೇಳುವ ನಾಶವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಇದೆಲ್ಲ ಕೈಗೆಟುಕದ ದ್ರಾಕ್ಷಿಯನ್ನು ಹುಳಿ ಎನ್ನುವವರ ವೇದಾಂತ ಎಂದು ಯಾರಾದರೂ ನಗಬಹುದು. ನಿಜವಾಗಿ ಎಟುಕಿಸಿಕೊಂಡವನಿಗೇ ಈ ಮಾತು ಹೆಚ್ಚು ಅನ್ವಯಿಸುತ್ತದೆ, ಏಕೆಂದರೆ ಕಾಯುವ ಪಾಡು ಶುರುವಾಗುವುದೇ ಎಟುಕಿದ ಮೇಲೆ. ಖರ್ಚಿಲ್ಲದ ವಸ್ತು ಯಾವುದಿದೆ, ಪ್ರವಾಸಿಗರನ್ನು ಹೊತ್ತು ಮಾಂದಲಪಟ್ಟಿ ಗುಡ್ಡ ಹತ್ತುವ ಜೀಪೂ ಕೆಡುವುದಿಲ್ಲವೇ ಎಂಬ ಪ್ರಶ್ನೆಗೆ ಹೆಚ್ಚು ತೂಕವಿದೆ. ಕೆಡುತ್ತದೆ. ಆದರೆ ಅದರ ಕಾಯಿಲೆ ಅದರ ಮಾಲೀಕನಿಗೆ ಅರ್ಥವಾಗುತ್ತದೆ, ರಿಪೇರಿ ಹತ್ತಿರದ ಗ್ಯಾರೇಜಿನಲ್ಲೇ ಮುಗಿಯುತ್ತದೆ, ಖರ್ಚನ್ನು ಅದೇ ದುಡಿದು ತೀರಿಸುತ್ತದೆ. ಕೊಡವರಲ್ಲೂ ಅರೆಭಾಷೆ ಗೌಡರಲ್ಲೂ ಇರುವ, ಮನೆತನದ ಮೂಲಮನೆಗಳಾದ ಐನ್‌ಮನೆಗಳನ್ನು ನೋಡಿದರೆ ಈ ವ್ಯತ್ಯಾಸ ಇನ್ನೂ ಸ್ಪಷ್ಟ. ಐನ್‌ಮನೆಯ ಹೆಂಚು, ಮರದ ಕಂಬ ಉಳಿಸಿಕೊಳ್ಳುವುದು ಸಣ್ಣ ಖರ್ಚಲ್ಲ. ಎಷ್ಟೋ ಐನ್‌ಮನೆಗಳು ಕುಸಿದದ್ದೂ ಅದಕ್ಕೇ. ಆದರೂ ಅದನ್ನು ಯಾರೂ ನನ್ನದು ಎನ್ನುವುದಿಲ್ಲ. ಅದು ಇಡೀ ಮನೆತನದ್ದು, ಭಾರವೂ ಹಂಚಿಕೊಂಡದ್ದು. ಒಂಟಿ ಮೋಹಕ್ಕೆ ಕೊಂಡ ಕಾರಿಗೆ ಹೆಗಲು ಕೊಡುವವರು ಯಾರು? ಬಿಲ್ಲು ಬಂದ ದಿನ ಮನೆಮಂದಿ ಕೇಳುವುದೂ ಅದನ್ನೇ.

ನನ್ನ ವಾದಕ್ಕೆ ನಿಜವಾಗಿ ಎದುರು ನಿಲ್ಲಬಲ್ಲ ಮಾತು ಸೌಂದರ್ಯದ್ದು. ಒಳ್ಳೆಯ ಯಂತ್ರವೂ ಶಿಲ್ಪವೇ, ಅದನ್ನು ಯಾರಾದರೂ ಉಳಿಸಬೇಡವೇ? ಖಂಡಿತ ಉಳಿಸಬೇಕು. ಧರ್ಮಸ್ಥಳದಲ್ಲಿ ಹಳೆಯ ಕಾರುಗಳದೊಂದು ಸಂಗ್ರಹಾಲಯವೇ ಇದೆ, ಅದನ್ನು ಕಟ್ಟಿದ ಹೆಗ್ಗಡೆ ಮನೆತನ ಜೈನ ಮನೆತನ. ಅಪರಿಗ್ರಹ ಜೈನರಿಗೂ ವ್ರತವಾದ್ದರಿಂದ ಮೇಲ್ನೋಟಕ್ಕೆ ಇದು ವಿರೋಧಾಭಾಸ. ಆದರೆ ಜೈನಧರ್ಮ ಗೃಹಸ್ಥನಿಗೆ ಎಲ್ಲವನ್ನೂ ಬಿಡು ಎನ್ನುವುದಿಲ್ಲ, ಅದು ಮುನಿಗಳ ವ್ರತ. ಗೃಹಸ್ಥನು ತನ್ನ ಸೊತ್ತಿಗೆ ತಾನೇ ಒಂದು ಮಿತಿ ಹಾಕಿಕೊಳ್ಳಬೇಕು, ಅಷ್ಟೆ. ಧರ್ಮಸ್ಥಳದ ಕಾರುಗಳನ್ನು ಕಾಯಲು ಒಂದು ಸಂಸ್ಥೆಯಿದೆ, ನೋಡಲು ಸಾವಿರಾರು ಯಾತ್ರಿಕರಿದ್ದಾರೆ. ಕಾಯುವ ಶಕ್ತಿಯಿದ್ದಲ್ಲಿ ಕಾರಿರುವುದರ ಬಗ್ಗೆ ನನ್ನ ತಕರಾರಿಲ್ಲ. ಶಕ್ತಿಯಿದ್ದವರೂ ಕೊನೆವರೆಗೆ ಇಟ್ಟುಕೊಳ್ಳುತ್ತಾರೆಂದೇನಿಲ್ಲ. 2002ರಲ್ಲಿ ಬ್ರಾಡ್‌ಮನ್ನರ 29 ಟೆಸ್ಟ್ ಶತಕಗಳನ್ನು ಸರಿಗಟ್ಟಿದ ಸಚಿನ್ ತೆಂಡೂಲ್ಕರ್‌ಗೆ ಫೆರಾರಿ 360 ಮೊಡೆನಾ ಉಡುಗೊರೆಯಾಗಿ ಬಂತು. ಬಿಟ್ಟಿ ಬಂದ ಆ ಕಾರಿನ ಬೆನ್ನಿಗೇ ಸುಮಾರು 1.13 ಕೋಟಿಯ ಆಮದು ಸುಂಕ ಬಂತು, ಸುಂಕದ ವಿನಾಯಿತಿ ನ್ಯಾಯಾಲಯದ ಮೆಟ್ಟಿಲೇರಿತು, ಕಡೆಗೆ ಕಾರು ಕೊಟ್ಟ ಕಂಪನಿಯೇ ಹಣ ತೆತ್ತಿತು. 2011ರಲ್ಲಿ ಅದು ಸೂರತ್ತಿನ ಉದ್ಯಮಿಯೊಬ್ಬರ ಪಾಲಾಯಿತು.

ಇಷ್ಟಾದ ಮೇಲೂ ಕೊಳ್ಳಲೇಬೇಕು ಅನಿಸಿದವರಲ್ಲಿ ಒಂದು ವಿನಂತಿ. ಮಾರುವವನು ಹೇಳಿದ ಬೆಲೆ ಪಕ್ಕಕ್ಕಿಡಿ, ಅದೇ ಕಾರಿನ ಹೊಸ ಬೆಲೆಯ ಲೆಕ್ಕದಲ್ಲಿ ಐದು ವರ್ಷದ ಸರ್ವೀಸು, ಟಯರು ಬರೆದು, ವಿಮೆ, ತೆರಿಗೆಯನ್ನೂ ಕೂಡಿಸಿ. ಆ ಹಾಳೆಯನ್ನು ಮನೆಯವರ ಕೈಗೆ ಕೊಟ್ಟು, ಅವರು ಓದಿ ಮುಗಿಸಿದ ಮೇಲೆ ಮುಂಗಡ ಕೊಡಿ.