ಸರಳತೆ: ಗುಣವೋ, ಗತಿಯೋ?

ಪಾವಗಡಕ್ಕೆ ಹೊರಟಿದ್ದೇನೆ ಅಂದರೆ ತುಮಕೂರಿನಲ್ಲಿ ಜನ ಮೊದಲು ಕೇಳುವುದು, ‘ಶನಿಮಹಾತ್ಮನ ದರ್ಶನಕ್ಕಾ?’ ಅಲ್ಲ ಅಂದರೆ, ‘ಹಾಗಾದ್ರೆ ಸೋಲಾರ್ ನೋಡೋಕಾ?’ ಪುರಾಣದ ಪ್ರಕಾರ ಶನಿ ಸೂರ್ಯನ ಮಗ. ಅಪ್ಪ, ಮಗ ಇಬ್ಬರೂ ಒಂದೇ ತಾಲ್ಲೂಕಿನಲ್ಲಿ ನೆಲೆಸಿದ್ದಾರೆ. ಮಗನನ್ನು ನೋಡಲು ಶನಿವಾರ ಭಕ್ತರು ಬರುತ್ತಾರೆ; ಅಪ್ಪನ ಬಿಸಿಲನ್ನು ವಿದ್ಯುತ್ ಮಾಡುವ ತಿರುಮಣಿ ಕಡೆಗೆ ಎಂಜಿನಿಯರುಗಳು ಬರುತ್ತಾರೆ. ಎರಡೂ ಅಲ್ಲ, ಸುಮ್ಮನೆ ಊರು ನೋಡಲು ಅಂದರೆ ಮಾತ್ರ ಎದುರಿದ್ದವರು ನಗುತ್ತಾರೆ: ‘ಅಲ್ಲಿ ನೋಡೋಕೆ ಏನಿದೆ?’

ನಿಜ, ಮೆರೆಸಿ ತೋರಿಸುವಂಥದ್ದು ಹೆಚ್ಚೇನಿಲ್ಲ. ಊರಿನ ಬೆನ್ನಿಗೆ ಒಂದು ಬೆಟ್ಟ, ಬೆಟ್ಟದ ಮೇಲೆ ಪಾಳೇಗಾರರ ಕಾಲದ ಕೋಟೆ. ಕೆಳಗೆ ಬಸ್‌ ಸ್ಟ್ಯಾಂಡು, ಹೋಟೆಲು, ಗೊಬ್ಬರದ ಅಂಗಡಿ, ಜೆರಾಕ್ಸ್ ಅಂಗಡಿ. ಆದರೆ ನಕಾಶೆ ಬಿಚ್ಚಿದರೆ ಪಾವಗಡ ಕರ್ನಾಟಕದ ಅತಿ ವಿಚಿತ್ರ ತಾಲ್ಲೂಕುಗಳಲ್ಲಿ ಒಂದು. ಸುತ್ತ ಬಹುಪಾಲು ಆಂಧ್ರ. ತುಮಕೂರಿನಿಂದ ಕೊರಟಗೆರೆ, ಮಧುಗಿರಿ, ಮಿಡಿಗೇಶಿ ದಾಟಿ ಹೋಗುವ ಬಸ್ಸು ನಡುವೆ ಆಂಧ್ರದೊಳಕ್ಕೆ ನುಗ್ಗಿ ಮತ್ತೆ ಕರ್ನಾಟಕಕ್ಕೆ ಬರುತ್ತದೆ. ತನ್ನದೇ ಜಿಲ್ಲಾಕೇಂದ್ರಕ್ಕೆ ಹೋಗಲು ಈ ಊರಿನವರು ಇನ್ನೊಂದು ರಾಜ್ಯದ ನೆಲ ತುಳಿಯಬೇಕು.

ಈ ಗೆರೆ ಎಳೆದದ್ದು ಇಲ್ಲಿನ ಜನರಲ್ಲ. 1799ರಲ್ಲಿ ಟಿಪ್ಪು ಸತ್ತ ಮೇಲೆ ಅವನ ರಾಜ್ಯ ಹಂಚಿಹೋಯಿತು. ನಿಜಾಮ ತನಗೆ ಬಂದದ್ದನ್ನು 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟ. ಇಂದಿನ ಅನಂತಪುರ ಸೀಮೆಯ ಬಹುಭಾಗ ಹಾಗೆ ಮದ್ರಾಸಿಗೆ ಸೇರಿತು. ಪಾವಗಡ ಮೈಸೂರಿನಲ್ಲೇ ಉಳಿಯಿತು. ಪಕ್ಕದ ಮಡಕಶಿರಾ 1953ರವರೆಗೆ ಮದ್ರಾಸ್, ಆಮೇಲೆ ಆಂಧ್ರ ರಾಜ್ಯ, 1956ರಿಂದ ಆಂಧ್ರಪ್ರದೇಶ. 2022ರಲ್ಲಿ ಅದರ ಜಿಲ್ಲೆಯೂ ಬದಲಾಗಿ ಶ್ರೀ ಸತ್ಯಸಾಯಿ ಜಿಲ್ಲೆಯಾಯಿತು. ಹೆಸರುಗಳು ಇಷ್ಟು ಸಲ ಬದಲಾದರೂ ಕಡಲೆಕಾಯಿ ಹೊಲ ಇದ್ದಲ್ಲೇ ಇದೆ. ಹೆಣ್ಣು ಕೊಡುವುದು, ತರುವುದು, ಸಂತೆ, ಸಾಲ ಎಲ್ಲ ಗೆರೆಯ ಆಚೀಚೆ ನಡೆದೇ ಇದೆ.

ಕಳೆದ ವರ್ಷ ಒಂದು ಮಂಗಳವಾರ ಅಲ್ಲಿನ ಸಣ್ಣ ಹೋಟೆಲೊಂದರಲ್ಲಿ ಕೂತಿದ್ದೆ. ನಡೆಸುತ್ತಿದ್ದ ಹೆಂಗಸು ಒಲೆಯ ಕಡೆಗೆ ತೆಲುಗಿನಲ್ಲಿ ಕೂಗಿ, ನನ್ನ ಕಡೆ ಕನ್ನಡದಲ್ಲಿ ತಿರುಗುತ್ತಿದ್ದರು. ‘ಮನೇಲಿ ಯಾವ ಭಾಷೆ ಮಾತಾಡ್ತೀರಿ ಅಕ್ಕಾ?’ ಎಂದು ಕೇಳಿದೆ.

‘ಯಾರ ಹತ್ರ?’ ಅಂದರು.

ಉತ್ತರ ಹೊಳೆಯದೆ ಸುಮ್ಮನಿದ್ದೆ. ಅವರೇ ಮುಂದುವರಿಸಿದರು: ‘ಅತ್ತೆ ಹತ್ರ ತೆಲುಗು. ಮಕ್ಳು ಸ್ಕೂಲಲ್ಲಿ ಕನ್ನಡ, ಅವುಕ್ಕೆ ಕನ್ನಡ. ಬೈಯೋಕೆ ಎರಡೂ ಬೇಕಪ್ಪ.’

ಇಂಥ ಮಾತು ಸಿಕ್ಕ ಕೂಡಲೇ ಬರೆಯುವವರ ಮನಸ್ಸು ಕುಣಿಯುತ್ತದೆ. ಗಡಿ ಅಳಿಸುವ ಬದುಕು, ಎರಡು ನುಡಿಗಳ ಸಂಗಮ, ಮುಗ್ಧ ಜನ, ಆಡಂಬರವಿಲ್ಲದ ಊರು: ಪ್ರಬಂಧ ತಾನಾಗಿ ಸಾಲುಗಟ್ಟಿ ನಿಲ್ಲುತ್ತದೆ. ‘ನೋಡೋಕೆ ಏನಿದೆ’ ಎಂದು ನಗುವವರಿಗಿಂತ ಇದು ದೊಡ್ಡ ಮನಸ್ಸಿನ ನೋಟದಂತೆ ಕಾಣುತ್ತದೆ. ನನ್ನ ಅನುಮಾನ ಇರುವುದು ಈ ನೋಟದ ಮೇಲೆಯೇ. ಒಂದು ಊರು ಆಡಂಬರವಿಲ್ಲದೆ ಇದ್ದರೆ ಅದು ಅದರ ಗುಣವೋ, ಗತಿಯೋ?

ಅದೇ ಹೋಟೆಲಿನ ಮೇಜಿನ ಮೇಲಿದ್ದ ನೀರನ್ನೇ ತೆಗೆದುಕೊಳ್ಳಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಈ ತಾಲ್ಲೂಕಿನ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರು ಆ ಮಿತಿಯನ್ನು ಮೀರಿದ್ದು. ಅಂಥ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುಗಟ್ಟುತ್ತದೆ, ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ಮಳೆ ಕಡಿಮೆ, ಬರ ಇಲ್ಲಿ ಅಪರೂಪದ ಅತಿಥಿಯಲ್ಲ. ಹಾಗಾಗಿ ಎಷ್ಟೋ ಮನೆಗಳ ಹುಡುಗರು ಬೆಂಗಳೂರಿನ ಕೆಲಸಕ್ಕೆ ಬಸ್ಸು ಹತ್ತುತ್ತಾರೆ. ನಮಗೆ ‘ಪ್ರಶಾಂತ’ವಾಗಿ ಕಂಡ ಬೀದಿಯ ಸದ್ದು ಊರು ಬಿಟ್ಟು ಹೋಗಿರಬಹುದು.

ಇನ್ನು ಸೋಲಾರ್. ತಿರುಮಣಿ ಸುತ್ತಮುತ್ತಲ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಪಾರ್ಕ್ ಎದ್ದಿದೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಸರ್ಕಾರ ಜಮೀನು ಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆಯಿತು. ಮಳೆ ನಂಬಿ ಕಡಲೆಕಾಯಿ ಬಿತ್ತಿ ಸೋತವರಿಗೆ ಅದು ಖಾತ್ರಿ ಆದಾಯ. ಅದೇ ಹೊಲಗಳಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದವರಿಗೆ ಮಾತ್ರ ಗುತ್ತಿಗೆಗೆ ಕೊಡಲು ಏನೂ ಇರಲಿಲ್ಲ. ಹೊರಗಿನಿಂದ ಬಂದ ನಮಗೆ ಇಬ್ಬರ ಮನೆಯೂ ಒಂದೇ ಥರ ಸರಳವಾಗಿ ಕಾಣುತ್ತದೆ.

ಊರನ್ನು ರೂಪಕ ಮಾಡಿಬಿಡುವ ಚಟ ನಮ್ಮೊಬ್ಬರದ್ದೇ ಅಲ್ಲ. ಬಾಲ್ಕನ್ ಸೀಮೆಯಲ್ಲಿ, ಬೋಸ್ನಿಯಾದ ಪೂರ್ವದ ಅಂಚಿನಲ್ಲಿ, ವಿಶೆಗ್ರಾಡ್ ಎಂಬ ಸಣ್ಣ ಊರಿದೆ. ದ್ರಿನಾ ನದಿಗೆ ಹದಿನಾರನೆಯ ಶತಮಾನದಲ್ಲಿ ಕಟ್ಟಿದ ಕಲ್ಲಿನ ಸೇತುವೆ ಅಲ್ಲಿದೆ. ಇವೊ ಆಂಡ್ರಿಚ್ 1945ರಲ್ಲಿ ಆ ಸೇತುವೆಯ ಮೇಲೆ ಕಾದಂಬರಿ ಪ್ರಕಟಿಸಿದ. 1961ರಲ್ಲಿ ಅವನಿಗೆ ನೊಬೆಲ್ ಬಂತು. ಓದಿದವರ ಪಾಲಿಗೆ ಆ ಊರು ಧರ್ಮಗಳನ್ನು ಬೆಸೆಯುವ ಸೇತುವೆಯ ಊರಾಯಿತು. 1992ರ ಯುದ್ಧದಲ್ಲಿ ಅದೇ ಸೇತುವೆಯ ಮೇಲೆ ಮುಸ್ಲಿಮರನ್ನು ಕೊಂದು ನದಿಗೆ ಎಸೆದರು. ಇದರಲ್ಲಿ ಆಂಡ್ರಿಚ್‌ನ ತಪ್ಪಿಲ್ಲ. ಆ ಊರಿನ ಕ್ರೌರ್ಯವನ್ನೂ ಅವನು ಮುಚ್ಚಿಡದೆ ಬರೆದಿದ್ದ. ಆದರೆ ದೂರದಿಂದ ಒಂದು ಊರನ್ನು ಸಾಮರಸ್ಯದ ಪ್ರತಿಮೆ ಮಾಡಿಕೊಂಡವರಿಗೆ ಅಲ್ಲಿ ಅಕ್ಕಪಕ್ಕದ ಮನೆಯವರ ನಡುವೆ ಬೆಳೆಯುತ್ತಿರುವ ಭಯ ಕಾಣುವುದಿಲ್ಲ. ಪ್ರತಿಮೆಯನ್ನು ಯಾರೂ ‘ಹೇಗಿದ್ದೀರಿ’ ಎಂದು ಕೇಳುವುದಿಲ್ಲವಲ್ಲ.

ಹಾಗಾದರೆ ಸರಳತೆಯನ್ನು ಮೆಚ್ಚಲೇಬಾರದೇ? ಮೆಚ್ಚಬಹುದು, ಆಯ್ಕೆ ಇದ್ದಲ್ಲಿ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಡುವ ಮಠ ನಡೆಸುತ್ತ ತಾವು ಅತಿ ಕಡಿಮೆಯಲ್ಲಿ ಬದುಕಿದರು. ಹೆಚ್ಚು ಬೇಕೆಂದರೆ ಸಿಗುತ್ತಿತ್ತು, ಬೇಡ ಅಂದರು. ಆ ‘ಬೇಡ’ದಿಂದಲೇ ಅದು ಗುಣ. ‘ಬೇಡ’ ಎನ್ನುವ ಅವಕಾಶವೇ ಇಲ್ಲದವರ ಬಡತನವನ್ನು ಅದೇ ತಕ್ಕಡಿಯಲ್ಲಿಟ್ಟು ತೂಗಿದರೆ, ಅವರಿಗೆ ಬರಬೇಕಾದ ನೀರನ್ನೂ ರಸ್ತೆಯನ್ನೂ ನಮ್ಮ ಮೆಚ್ಚುಗೆಯಲ್ಲಿ ತೀರಿಸಿದಂತಾಗುತ್ತದೆ. ಹೊಗಳಿಕೆ ಅಗ್ಗದ ಪರಿಹಾರ.

ಇದರ ಜೊತೆಗೇ ಇನ್ನೊಂದು ಮಾತು ಹೇಳದಿದ್ದರೆ ಪಾವಗಡಕ್ಕೆ ಅನ್ಯಾಯವಾಗುತ್ತದೆ. ಊರನ್ನು ಬರೀ ಕೊರತೆಗಳ ಪಟ್ಟಿಯಾಗಿ ನೋಡುವುದೂ ಇನ್ನೊಂದು ಬಗೆಯ ಕುರುಡು. ಗತಿಯಿಲ್ಲದಲ್ಲೂ ಜನ ದಿನಕ್ಕೆ ನೂರು ಸಲ ಆಯ್ಕೆ ಮಾಡುತ್ತಲೇ ಇರುತ್ತಾರೆ. ಅತ್ತೆಗೆ ತೆಲುಗು, ಮಗುವಿಗೆ ಕನ್ನಡ ಎಂದು ಆ ಅಕ್ಕ ಹಂಚಿಕೊಂಡದ್ದು ಅಂಥ ಆಯ್ಕೆ. ಅವರಿಗೆ ಭಾಷೆ ಎಂದರೆ ಎದುರಿಗಿರುವ ವ್ಯಕ್ತಿ. ಅದಕ್ಕೇ ನನ್ನ ಪ್ರಶ್ನೆಗೆ ‘ಯಾರ ಹತ್ರ?’ ಎಂಬ ಪ್ರಶ್ನೆ ಉತ್ತರವಾಗಿ ಬಂತು. ಗುಣ ಇರುವುದು ಅಲ್ಲಿ. ಊರಿಗೆ ಬಣ್ಣವಿಲ್ಲ, ಬೋರ್ಡಿಲ್ಲ ಎಂಬುದರಲ್ಲಿ ಅಲ್ಲ.

ನಾನು ಗುಬ್ಬಿಯವನು. ಹೊರಗಿನವರಿಗೆ ಗುಬ್ಬಿ ಎಂದರೆ ವೀರಣ್ಣನವರ ನಾಟಕ ಕಂಪನಿ, ಕುಣಿಗಲ್ ಎಂದರೆ ಕೆರೆ ಮತ್ತು ಕುದುರೆ ಫಾರಂ. ಮುಂದಕ್ಕೆ ಕೇಳುವವರು ಕಡಿಮೆ. ನಾವೆಲ್ಲ ಒಂದಲ್ಲ ಒಂದು ‘ನೋಡೋಕೆ ಏನಿದೆ’ ಊರಿನವರೇ. ನಮ್ಮೂರಿಗೆ ಬಂದವರು ಏನು ಮಾಡಲಿ ಎಂದು ಬಯಸುತ್ತೇವೋ ಅದನ್ನೇ ಇನ್ನೊಬ್ಬರ ಊರಿನಲ್ಲಿ ಮಾಡುವುದು ಕಷ್ಟವಾಗಬಾರದು: ಮೆಚ್ಚುವ ಮೊದಲು ಕುಡಿಯುವ ನೀರು ಎಲ್ಲಿಂದ ಬರುತ್ತದೆ ಎಂದು ಕೇಳುವುದು, ಮರುಗುವ ಮೊದಲು ಅವರ ಮಾತು ಪೂರ್ತಿ ಕೇಳಿಸಿಕೊಳ್ಳುವುದು. ಎರಡಕ್ಕೂ ಪುರುಸೊತ್ತು ಬೇಕು. ಸಣ್ಣ ಊರಿಗೆ ನಾವು ಕೊಡಬಹುದಾದ ಮರ್ಯಾದೆ ಬಹುಶಃ ಆ ಪುರುಸೊತ್ತೇ.