ಅಳೆಯುವವರ ಪರೀಕ್ಷೆ

ಪಾಠಕ್ಕೆ ಕಾಸಿಲ್ಲ, ಪರೀಕ್ಷೆಗೆ ಮಾತ್ರ ಕಾಸು. ಇಸ್ರೇಲಿನ ಶಿಕ್ಷಣೋದ್ಯಮಿ ಶಾಯ್ ರೆಶೆಫ್ 2009ರಲ್ಲಿ ಆರಂಭಿಸಿದ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನೆಲೆಯಿರುವ ‘ಯೂನಿವರ್ಸಿಟಿ ಆಫ್ ದ ಪೀಪಲ್’ ಈ ಲೆಕ್ಕದ ಮೇಲೆ ನಿಂತಿದೆ. ತರಗತಿಯ ಕೋಣೆಗಳಿಲ್ಲ, ಎಲ್ಲವೂ ಆನ್‌ಲೈನ್. ಬೋಧನಾ ಶುಲ್ಕ ಇಲ್ಲ. ಆದರೆ ಒಂದೊಂದು ಕೋರ್ಸಿನ ಮೌಲ್ಯಮಾಪನಕ್ಕೂ ಶುಲ್ಕ ಕಟ್ಟಬೇಕು. 2014ರಲ್ಲಿ ರೆಶೆಫ್ ತಮ್ಮ ಯೋಜನೆಯನ್ನು ಜಗತ್ತಿಗೆ ವಿವರಿಸಿದಾಗ ಅದು ಕೋರ್ಸಿಗೆ 100 ಡಾಲರ್ ಇತ್ತು.

ಕೇಳಿದೊಡನೆ ವಿಚಿತ್ರ ಅನ್ನಿಸುತ್ತದೆ. ಯೋಚಿಸಿದರೆ ಇದಕ್ಕಿಂತ ಸಹಜವಾದದ್ದು ಇಲ್ಲ. ಒಮ್ಮೆ ಸಿದ್ಧಪಡಿಸಿದ ಪಾಠವನ್ನು ಹತ್ತು ಮಂದಿ ಓದಿದರೂ ಅಷ್ಟೇ, ಲಕ್ಷ ಮಂದಿ ಓದಿದರೂ ಅಷ್ಟೇ. ಉತ್ತರ ಹಾಗಲ್ಲ. ಲಕ್ಷ ಮಂದಿ ಬರೆದರೆ ಲಕ್ಷ ಉತ್ತರ. ಪ್ರತಿಯೊಂದನ್ನೂ ಯಾರಾದರೂ ಕೂತು ಓದಲೇಬೇಕು. ಕಲಿಸುವುದನ್ನು ಯಂತ್ರ ಅಗ್ಗಮಾಡಿತು. ‘ನೀನು ಬರೆದದ್ದನ್ನು ಓದಿದ್ದೇನೆ, ನಿನಗೆ ಇಷ್ಟು ತಿಳಿದಿದೆ’ ಎಂದು ಹೇಳಬಲ್ಲ ಇನ್ನೊಬ್ಬರ ಗಮನ ಮಾತ್ರ ಅಗ್ಗವಾಗಲಿಲ್ಲ.

ಈ ಕೊರತೆಗೆ ಆ ವಿಶ್ವವಿದ್ಯಾಲಯ ಕಂಡುಕೊಂಡ ದಾರಿಯೇ ಸಹಪಾಠಿಗಳ ಮೌಲ್ಯಮಾಪನ. ಒಂದು ಟರ್ಮ್ ಎಂದರೆ 9 ವಾರ. ಕೊನೆಯ ವಾರ ಪರೀಕ್ಷೆಗೆ ಮೀಸಲು. ಹಲವು ವರ್ಷ ಅಲ್ಲಿ ನಡೆದು ಬಂದ ಕ್ರಮ ಹೀಗಿತ್ತು: ಈ ವಾರ ನೀವು ಅಸೈನ್‌ಮೆಂಟ್ ಬರೆದು ಕಳಿಸುತ್ತೀರಿ. ಮುಂದಿನ ವಾರ ಹೆಸರಿಲ್ಲದ ಮೂರು ಬರಹಗಳು ನಿಮ್ಮ ಮುಂದೆ ಬರುತ್ತವೆ. ನಿಮ್ಮದು ಹೆಸರಿಲ್ಲದೆ ಬೇರೆ ಮೂವರ ಮುಂದೆ ಹೋಗುತ್ತದೆ. ಯಾವ ಅಂಶಕ್ಕೆ ಎಷ್ಟು ಅಂಕ ಎಂದು ಹೇಳುವ ರೂಬ್ರಿಕ್ ಇರುತ್ತದೆ. ಅಂಕ ಹಾಕಿ, ನಾಲ್ಕು ಮಾತು ಬರೆಯಬೇಕು. ಮೇಲೊಬ್ಬರು ಅಧ್ಯಾಪಕರಿದ್ದು, ಅನ್ಯಾಯ ಕಂಡರೆ ತಿದ್ದಬಲ್ಲರು.

ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿ ಬಲ್ಲವರಿಗೆ ಇದು ಹೊಸದೆನಿಸದು. ಇವತ್ತು ನಿಮ್ಮ ಗದ್ದೆಯ ನಾಟಿಗೆ ನಾನು, ನಾಳೆ ನನ್ನ ಗದ್ದೆಗೆ ನೀವು. ಆದರೆ ಅಲ್ಲಿ ಮೈಗಳ್ಳತನಕ್ಕೆ ಎಡೆಯಿರಲಿಲ್ಲ. ಯಾರು ಹೇಗೆ ನೆಟ್ಟರೆಂಬುದು ಸಂಜೆಯೊಳಗೆ ಊರಿಗೇ ಗೊತ್ತಾಗುತ್ತಿತ್ತು. ಇಲ್ಲಿ ನಾನು ಓದುವ ಬರಹ ಯಾರದೋ, ನನ್ನದನ್ನು ಓದುವವರು ಯಾರೋ. ಮುಲಾಜಿಲ್ಲ, ಹಗೆಯಿಲ್ಲ, ಮುಖ ನೋಡುವ ಪ್ರಸಂಗವೂ ಇಲ್ಲ. ನಿಷ್ಪಕ್ಷಪಾತಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಸಿಗಲಿಕ್ಕಿಲ್ಲ, ಉಡಾಫೆಗೂ ಅಷ್ಟೇ.

ಇಲ್ಲಿ ಇನ್ನೊಬ್ಬರನ್ನು ಕೆಳಗಿಳಿಸಿದರೆ ನಾನೇನೂ ಮೇಲೇರುವುದಿಲ್ಲ. ಹಾಗಾಗಿ ಹೊಟ್ಟೆಕಿಚ್ಚಿಗಿಂತ ಹೆಚ್ಚು ಅಂಜಬೇಕಾದದ್ದು ಸೋಮಾರಿತನಕ್ಕೆ, ಮತ್ತು ಆ ಸೋಮಾರಿತನ ಬಹುಮಟ್ಟಿಗೆ ಔದಾರ್ಯದ ವೇಷದಲ್ಲೇ ಬರುತ್ತದೆ. ಮೂವರಿಗೂ ಪೂರ್ತಿ ಅಂಕ, ‘ತುಂಬಾ ಚೆನ್ನಾಗಿದೆ, ಹೀಗೇ ಮುಂದುವರಿಯಿರಿ’ ಎಂಬ ಷರಾ. ಕೊಟ್ಟವರಿಗೆ ಪುಣ್ಯ ಕಟ್ಟಿಕೊಂಡ ತೃಪ್ತಿ, ಪಡೆದವರಿಗೆ ಸಂತೋಷ. ನಡೆದದ್ದಾದರೂ ಏನು? ಒಬ್ಬರು ರಾತ್ರಿ ನಿದ್ದೆಗೆಟ್ಟು ಬರೆದದ್ದನ್ನು ಇನ್ನೊಬ್ಬರು ಓದದೆ ಹೊಗಳಿದರು. ಓದದೆ ತೆಗಳುವುದು ಅನ್ಯಾಯವೆಂದು ಒಪ್ಪುವ ನಾವು, ಓದದೆ ಹೊಗಳುವುದನ್ನು ದೊಡ್ಡತನವೆಂದು ಏಕೆ ಕರೆಯಬೇಕು?

ಇದರ ಎದುರಿಗೆ ನಿಲ್ಲುವುದು ಕಾಮಾ ಎಣಿಸುವ ಕಟುತನ. ಈ ವಿಶ್ವವಿದ್ಯಾಲಯಕ್ಕೆ ಬಂದವರಲ್ಲಿ 2010ರ ಭೂಕಂಪದಲ್ಲಿ ಬದುಕುಳಿದ ಹೈಟಿಯ ಯುವಕರಿದ್ದಾರೆ, ಯುದ್ಧದಿಂದ ಚದುರಿದ ಸಿರಿಯಾದ ನಿರಾಶ್ರಿತರಿದ್ದಾರೆ. ಅಂಥವರ ಇಂಗ್ಲಿಷ್ ಒಮ್ಮೊಮ್ಮೆ ತಡವರಿಸಬಹುದು. ಹಾಗೆಂದು ಅವರ ವಿಚಾರವೂ ತಡವರಿಸುತ್ತಿದೆ ಎಂದೇನಲ್ಲ. ಭಾಷೆಯ ತಪ್ಪಿಗೆ ವಿಚಾರದ ಅಂಕ ಕತ್ತರಿಸುವವರ ಮನಸ್ಸಿನಲ್ಲಿ ದ್ವೇಷವೇನೂ ಇರುವುದಿಲ್ಲ. ಕಣ್ಣಿಗೆ ಸುಲಭವಾಗಿ ಬಿದ್ದದ್ದನ್ನೇ ಅಳೆದು ಕೆಲಸ ಮುಗಿಯಿತೆಂದುಕೊಂಡಿರುತ್ತಾರೆ. ಔದಾರ್ಯದಂತೆ ಈ ಕಟುತನಕ್ಕೂ ಬೇರು ಒಂದೇ: ಎದುರಿಗಿರುವ ಬರಹದೊಳಕ್ಕೆ ಇಳಿಯದಿರುವುದು.

ಹಾಗಾದರೆ ಅಳೆಯುವವರನ್ನೂ ಅಳೆಯಬಾರದೇಕೆ? ಆ ಪ್ರಯತ್ನವೂ ನಡೆದಿದೆ. ಈ ವಿಶ್ವವಿದ್ಯಾಲಯವೂ ಸೇರಿದಂತೆ ಎಷ್ಟೋ ಕಡೆ ಬಳಸುವ ಮೂಡಲ್ ತಂತ್ರಾಂಶದಲ್ಲಿ ‘ವರ್ಕ್‌ಶಾಪ್’ ಎಂಬ ಸೌಲಭ್ಯವಿದೆ. ಅದು ವಿದ್ಯಾರ್ಥಿಗೆ ಎರಡು ಅಂಕ ಕೊಡಬಲ್ಲದು. ಬರೆದದ್ದಕ್ಕೆ ಒಂದು, ಇತರರನ್ನು ಮೌಲ್ಯಮಾಪನ ಮಾಡಿದ್ದಕ್ಕೆ ಇನ್ನೊಂದು. ಆ ಎರಡನೆಯದನ್ನು ಲೆಕ್ಕ ಹಾಕುವ ಬಗೆಯಲ್ಲೇ ತೊಡಕಿದೆ. ಒಂದೇ ಬರಹವನ್ನು ಓದಿದವರಲ್ಲಿ ಯಾರ ತೀರ್ಪು ಸರಾಸರಿಗೆ ತೀರ ಹತ್ತಿರವೋ ಅದೇ ಉತ್ತಮ; ಉಳಿದವರು ಅದರಿಂದ ದೂರ ಸರಿದಷ್ಟೂ ಅಂಕ ಕಡಿಮೆ. ಮೂವರೂ ಓದದೆ ಒಂಬತ್ತು ಅಂಕ ಹಾಕಿದರೆ ಮೂವರೂ ಉತ್ತಮ ಮೌಲ್ಯಮಾಪಕರು! ನಾಲ್ಕನೆಯವರು ನಿಜವಾಗಿ ಓದಿ, ವಾದ ಎಲ್ಲಿ ಕುಸಿಯಿತೆಂದು ಕಂಡು, ಐದು ಕೊಟ್ಟರೆ ನಷ್ಟ ಅವರಿಗೇ. ತಂತ್ರಾಂಶದ ತಪ್ಪು ಇದರಲ್ಲಿಲ್ಲ. ಅಂಕ ಅಂಕದೊಡನೆ ಹೊಂದುತ್ತದೆಯೇ ಎಂದಷ್ಟೇ ಅದು ನೋಡಬಲ್ಲದು. ಓದಿದರೋ ಇಲ್ಲವೋ ಎಂದು ನೋಡಲಾರದು. ಪರೀಕ್ಷೆ ಬರೆಯುವವರ ಮೇಲೆ ಕ್ಯಾಮೆರಾ ಇಡಬಹುದು. ಓದುವವರ ಗಮನದ ಮೇಲೆ ಎಲ್ಲಿಂದ ಇಡುವುದು?

ಈಗ ಕೃತಕ ಬುದ್ಧಿಮತ್ತೆಯೂ ಬಂದಿದೆ. ಅಸೈನ್‌ಮೆಂಟನ್ನು ಅದರಿಂದಲೇ ಬರೆಸಿ, ಮೌಲ್ಯಮಾಪನದ ಷರಾವನ್ನೂ ಅದರಿಂದಲೇ ಬರೆಸಿದರೆ ವ್ಯವಸ್ಥೆ ಸುಸೂತ್ರವಾಗಿ ನಡೆಯುತ್ತದೆ. ಅಂಕಪಟ್ಟಿ ತುಂಬುತ್ತದೆ, ಗಡುವು ತಪ್ಪುವುದಿಲ್ಲ. ಯಾರೂ ಯಾರಿಗೂ ಏನನ್ನೂ ಹೇಳಿರುವುದಿಲ್ಲ, ಅಷ್ಟೇ.

ಕಲಿಯುವವರು ಕಲಿಯುವವರನ್ನು ಅಳೆಯುವುದೇ ತಪ್ಪು ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಸಹಪಾಠಿಗಳ ಅಂಕವೊಂದನ್ನೇ ನಂಬಿ ವೈದ್ಯರನ್ನೋ ಎಂಜಿನಿಯರನ್ನೋ ತಯಾರಿಸಲಾಗದು. ಈ ವಿಶ್ವವಿದ್ಯಾಲಯದಲ್ಲೂ ಕೆಲವು ಕೋರ್ಸುಗಳಿಗೆ ಮೇಲ್ವಿಚಾರಕರ ಕಣ್ಗಾವಲಿನ ಪರೀಕ್ಷೆ ಇದೆ, ಇರಲೂಬೇಕು. ಪದವಿಯ ಭಾರ ಹೊರುವ ಶಕ್ತಿ ಈ ಪದ್ಧತಿಗೆ ಇಲ್ಲದಿರಬಹುದು. ಆದರೆ ಬೇರೆ ಯಾವ ಪರೀಕ್ಷೆಯೂ ಕಲಿಸದ ಒಂದನ್ನು ಇದು ಕಲಿಸಬಲ್ಲದು. ನಾವು ಉತ್ತರಿಸಿದ ಪ್ರಶ್ನೆಗೇ ಇನ್ನೊಬ್ಬರು ಬೇರೆ ದಾರಿಯಲ್ಲಿ ಉತ್ತರ ಹುಡುಕಿದ್ದನ್ನು ಕಂಡಾಗಲೇ ನಮ್ಮ ಉತ್ತರದ ಅಳತೆ ನಮಗೆ ಸಿಗುವುದು. ಮುಂದೆ ಇದೇ ವಿದ್ಯಾರ್ಥಿಗಳು ಸಂದರ್ಶನದ ಮೇಜಿನ ಆಚೆ ಕೂರುತ್ತಾರೆ, ಸಹೋದ್ಯೋಗಿಯ ಬಡ್ತಿಗೆ ಶಿಫಾರಸು ಬರೆಯುತ್ತಾರೆ, ಮಕ್ಕಳ ಪ್ರಗತಿಪತ್ರ ನೋಡಿ ಮಾತಾಡುತ್ತಾರೆ. ಅಲ್ಲೆಲ್ಲ ರೂಬ್ರಿಕ್ ಇರುವುದಿಲ್ಲ. ಓದದೆ ತೀರ್ಪು ಕೊಡುವ ಚಾಳಿ ಇಲ್ಲೇ ಬೆಳೆದರೆ ಅಲ್ಲಿಗೂ ಜೊತೆಗೇ ಹೋಗುತ್ತದೆ.

ಹೊರಗಿನಿಂದ ಯಾರೂ ಪರೀಕ್ಷಿಸಲಾಗದ ಕಡೆ ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳುವ ಒಂದು ಉಪಾಯವಿದೆ. ಅಂಕ ಹಾಕುವ ಮೊದಲು, ಆ ಬರಹಕ್ಕಷ್ಟೇ ಒಪ್ಪುವ, ಉಳಿದೆರಡಕ್ಕೆ ಅಂಟಿಸಲು ಬಾರದ ಒಂದೇ ಒಂದು ವಾಕ್ಯವನ್ನು ಬರೆಯಬೇಕು. ಬರೆಯಲು ಬಂದರೆ ಅಂಕ ಒಂದೆರಡು ಹೆಚ್ಚುಕಡಿಮೆಯಾದರೂ ಆ ಸಹಪಾಠಿಗೆ ನ್ಯಾಯ ಸಂದಿದೆ. ಬಾರದಿದ್ದರೆ ಇನ್ನೊಮ್ಮೆ ಓದಬೇಕು.